ಒಂದೇ ಬೆಂಚಿನ ಪ್ರಶ್ನೆ

1856ರ ಜೂನ್ ತಿಂಗಳಲ್ಲಿ, ಅಸ್ಪೃಶ್ಯವೆಂದು ದೂರವಿಟ್ಟಿದ್ದ ಮಹಾರ್ ಸಮುದಾಯದ ಹುಡುಗನೊಬ್ಬ ತನ್ನನ್ನು ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಅರ್ಜಿ ಹಾಕಿದ. ಶಾಲೆ ಒಪ್ಪಲಿಲ್ಲ. ವಿಷಯ ಬಾಂಬೆ ಸರ್ಕಾರದವರೆಗೂ ಹೋಯಿತು. ಸರ್ಕಾರ ಕೊಟ್ಟ ಉತ್ತರದ ನಯಗಾರಿಕೆ ಇವತ್ತು ಓದಿದರೂ ಬೆರಗು ಹುಟ್ಟಿಸುತ್ತದೆ. ಹುಡುಗನ ಕಡೆ ನ್ಯಾಯವಿದೆ ಎಂಬುದನ್ನು ಅದು ಅಲ್ಲಗಳೆಯಲಿಲ್ಲ. ಆದರೆ ಈ ಒಬ್ಬನಿಗಾಗಿ, ಮೇಲಿನ ಜಾತಿಗಳ ಮಕ್ಕಳಷ್ಟೇ ಓದುತ್ತಿರುವ ಶಾಲೆಯಲ್ಲಿ ಅವನನ್ನು ಬಲವಂತವಾಗಿ ಕೂರಿಸಿದರೆ ಬಹುಪಾಲು ಜನರಿಗೆ ಆ ಶಾಲೆಯೇ ಪ್ರಯೋಜನಕ್ಕೆ ಬಾರದಂತಾದೀತು ಎಂದು ಹೇಳಿ ಕೈ ತೊಳೆದುಕೊಂಡಿತು. ಎರಡು ವರ್ಷಗಳ ಬಳಿಕ ಲಂಡನ್ನಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು, ಸರ್ಕಾರದ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂದು ಬರೆದು ಕಳುಹಿಸಿದರು. ಬರೆದದ್ದು ಬಹುಕಾಲ ಕಾಗದದಲ್ಲೇ ಉಳಿಯಿತು. 1928ರಲ್ಲಿ ಅಂಬೇಡ್ಕರ್ ಅವರು ಬಾಂಬೆ ಪ್ರಾಂತ್ಯದ ಶೋಷಿತ ವರ್ಗಗಳ ಶಿಕ್ಷಣದ ಸ್ಥಿತಿಯನ್ನು ಸೈಮನ್ ಆಯೋಗದ ಮುಂದೆ ಬಿಡಿಸಿಟ್ಟಾಗ ಧಾರವಾಡದ ಈ ಪ್ರಕರಣವನ್ನೂ ಎತ್ತಿದ್ದರು.

ಆ ಉತ್ತರದ ತಿರುಳು ಇಷ್ಟು: ಬೆರೆಸಿದರೆ ಉಳ್ಳವರು ಬಿಟ್ಟು ಹೋಗುತ್ತಾರೆ, ಅವರು ಹೋದರೆ ಶಾಲೆ ಕೆಡುತ್ತದೆ, ಆದ್ದರಿಂದ ಬೆರೆಸುವುದು ಬೇಡ. ನೂರೈವತ್ತು ವರ್ಷ ದಾಟಿದ ಮೇಲೂ ಕರ್ನಾಟಕದ ಶಿಕ್ಷಣ ನೀತಿ ಈ ತರ್ಕದಿಂದ ಬಿಡಿಸಿಕೊಂಡಿಲ್ಲ ಎಂಬುದು ನನ್ನ ವಾದ. ಶಿಕ್ಷಣದಲ್ಲಿನ ಅಸಮಾನತೆಯ ಬಗ್ಗೆ ನಮ್ಮಲ್ಲಿ ಚರ್ಚೆಗೆ ಬರವಿಲ್ಲ. ಬಿಸಿಯೂಟ, ಹಾಲು, ಮೊಟ್ಟೆ, ಶೂ, ಸೈಕಲ್, ಸ್ಮಾರ್ಟ್ ಕ್ಲಾಸ್, ಇಂಗ್ಲಿಷ್ ಮಾಧ್ಯಮ, ಶಿಕ್ಷಕರ ಕೊರತೆ ಎಲ್ಲವೂ ಅದರಲ್ಲಿ ಬರುತ್ತವೆ, ಬರಲೇಬೇಕು. ಯಾರ ಮಗು ಯಾರ ಮಗುವಿನ ಪಕ್ಕ ಕೂರುತ್ತದೆ ಎಂಬ ಪ್ರಶ್ನೆ ಮಾತ್ರ ಬರುವುದಿಲ್ಲ. ಸಮಾಜಶಾಸ್ತ್ರಜ್ಞರು ಅರುವತ್ತು ವರ್ಷಗಳಿಂದ ಬೊಟ್ಟು ಮಾಡಿ ತೋರಿಸುತ್ತಿರುವುದು ಹೆಚ್ಚುಕಡಿಮೆ ಅದನ್ನೇ.

ಶಾಲೆಯ ಬಗ್ಗೆ ನಮ್ಮೆಲ್ಲರ ಮನಸ್ಸಿನಲ್ಲಿರುವ ನಂಬಿಕೆ ಸರಳವಾದದ್ದು. ಓದಿದವರು ಮೇಲೆ ಬರುತ್ತಾರೆ, ಓದದವರು ಹಿಂದೆ ಉಳಿಯುತ್ತಾರೆ. ಹುಟ್ಟು ಯಾವುದಾದರೂ ಇರಲಿ, ಪರೀಕ್ಷೆ ಎಲ್ಲರಿಗೂ ಒಂದೇ. ಅಮೆರಿಕದ ಸಮಾಜಶಾಸ್ತ್ರಜ್ಞ ಟಾಲ್ಕಟ್ ಪಾರ್ಸನ್ಸ್ 1959ರಲ್ಲಿ ಇದನ್ನೇ ಶಾಸ್ತ್ರೀಯವಾಗಿ ಮಂಡಿಸಿದರು. ಮನೆಯಲ್ಲಿ ಮಗುವಿನ ಸ್ಥಾನ ಹುಟ್ಟಿನಿಂದ ಬರುತ್ತದೆ, ತರಗತಿಯಲ್ಲಿ ಅದನ್ನು ಸಾಧನೆಯಿಂದ ಗಳಿಸಬೇಕಾಗುತ್ತದೆ. ಹೀಗೆ ಶಾಲೆ ಪ್ರತಿಭೆಯನ್ನು ಗುರುತಿಸಿ ತಕ್ಕ ಕೆಲಸಗಳಿಗೆ ಹಂಚುತ್ತದೆ ಎಂಬುದು ಅವರ ವಾದ. ಇದು ಸಂಪೂರ್ಣ ಸುಳ್ಳೇನಲ್ಲ. ನಮ್ಮ ಊರುಗಳಲ್ಲಿ ಕೂಲಿಕಾರರ ಮಕ್ಕಳು ಡಾಕ್ಟರ್, ತಹಶೀಲ್ದಾರ್ ಆದ ಉದಾಹರಣೆಗಳು ಎಲ್ಲರಿಗೂ ಗೊತ್ತು. ಆದರೆ ಇಂಥವರ ಹೆಸರುಗಳನ್ನು ಬೆರಳೆಣಿಸಿ ಹೇಳಲು ಸಾಧ್ಯವಾಗುತ್ತದೆ ಎಂಬುದರಲ್ಲೇ ಒಂದು ಸುಳಿವಿದೆ.

ಮೈಸೂರು ರಾಜ್ಯ ಈ ನಂಬಿಕೆಯನ್ನು ಲೆಕ್ಕ ಹಾಕಿ ಪರೀಕ್ಷಿಸಲು ಹೊರಟದ್ದು ಬಹಳ ಹಿಂದೆಯೇ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1918ರಲ್ಲಿ, ಲೆಸ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು; ಸರ್ಕಾರಿ ಹುದ್ದೆಗಳೂ ಉನ್ನತ ಶಿಕ್ಷಣವೂ ಒಂದೇ ಸಮುದಾಯದ ಕೈಯಲ್ಲಿ ಸೇರಿಕೊಂಡಿರುವುದನ್ನು ಅದು ದಾಖಲಿಸಿತು. ಏಕೀಕರಣದ ನಂತರ ಬಂದ ನಾಗನಗೌಡ ಸಮಿತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ಯಾವ ಜಾತಿಯ ಸಾವಿರ ಜನಕ್ಕೆ ಎಷ್ಟು ವಿದ್ಯಾರ್ಥಿಗಳಿದ್ದಾರೆ ಎಂದು ಎಣಿಸಿತು. ರಾಜ್ಯದ ಸರಾಸರಿ ಬಂದದ್ದು ಸಾವಿರಕ್ಕೆ 6.9. ಲಿಂಗಾಯತರದ್ದು 7.1. ದಶಮಾಂಶದ ಆಚೆಈಚೆ ನಿಂತ ಈ ಅಂಕಿಗಳ ಮೇಲೆ ಯಾರು ಹಿಂದುಳಿದವರು ಎಂಬ ಜಗಳ ನಡೆದು, ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 1962ರ ಬಾಲಾಜಿ ತೀರ್ಪಿನಲ್ಲಿ ಮೈಸೂರು ಸರ್ಕಾರದ ಶೇ 68ರ ಮೀಸಲಾತಿ ಬಿದ್ದುಹೋಯಿತು. ಮೀಸಲಾತಿಗೆ ಶೇ 50ರ ಮಿತಿ ಎಂಬ ಮಾತು ದೇಶಕ್ಕೆ ಸಿಕ್ಕಿದ್ದು ಇಲ್ಲಿಂದಲೇ. ನಾನಿಲ್ಲಿ ಹೇಳಹೊರಟಿರುವುದು ಮೀಸಲಾತಿಯ ಕಥೆಯಲ್ಲ. 1960ರ ಸುಮಾರಿಗೆ ಪ್ರೌಢಶಾಲೆಯ ಮೇಲಿನ ತರಗತಿಗಳಿಗೆ ತಲುಪುವುದೇ ಅಷ್ಟು ಅಪರೂಪವಾಗಿತ್ತು ಎಂಬುದನ್ನು ಗಮನಿಸಬೇಕು. ಆಗ ಅಸಮಾನತೆ ಶಾಲೆಯ ಗೇಟಿನ ಹತ್ತಿರವೇ ನಿಂತಿತ್ತು: ಒಳಗಿದ್ದವರು, ಹೊರಗಿದ್ದವರು. ಈಗ ಬಹುತೇಕ ಎಲ್ಲ ಮಕ್ಕಳ ಹೆಸರೂ ಯಾವುದೋ ಒಂದು ಹಾಜರಿ ಪುಸ್ತಕದಲ್ಲಿದೆ. ಅಸಮಾನತೆಯೂ ಗೇಟು ದಾಟಿ ಒಳಗೆ ಬಂದಿದೆ.

ಒಳಗೆ ಅದು ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸಿಕೊಟ್ಟವರಲ್ಲಿ ಫ್ರಾನ್ಸ್‌ನ ಸಮಾಜಶಾಸ್ತ್ರಜ್ಞ ಪಿಯರೆ ಬೋರ್ದಿಯು ಮುಖ್ಯರು. ಹಣದ ಬಂಡವಾಳ ಇರುವಂತೆಯೇ ಸಾಂಸ್ಕೃತಿಕ ಬಂಡವಾಳವೂ ಇದೆ ಎಂದರು ಅವರು. ಮನೆಯ ಮಾತಿನ ರೀತಿ, ಪುಸ್ತಕಗಳ ಒಡನಾಟ, ದೊಡ್ಡವರ ಎದುರು ಅಂಜದೆ ಪ್ರಶ್ನೆ ಕೇಳುವ ಅಭ್ಯಾಸ, ಯಾವುದಕ್ಕೆ ಬೆಲೆ ಯಾವುದಕ್ಕಿಲ್ಲ ಎಂಬ ಅಂದಾಜು, ಇವನ್ನೆಲ್ಲ ಮಗು ಯಾರೂ ಕಲಿಸದೆ ಕಲಿಯುತ್ತದೆ. ಶಾಲೆ ಇದನ್ನು ಕಲಿಸುವುದಿಲ್ಲ, ಆದರೆ ಅಂಕ ಕೊಡುವಾಗ ಇದನ್ನೇ ನಿರೀಕ್ಷಿಸುತ್ತದೆ. ಮನೆಯಿಂದ ತಂದದ್ದಕ್ಕೆ ಶಾಲೆ ‘ಪ್ರತಿಭೆ’ ಎಂಬ ಮುದ್ರೆ ಒತ್ತುತ್ತದೆ, ತರದವನಿಗೆ ‘ದಡ್ಡ’ ಎಂಬ ಮುದ್ರೆ. ಮುದ್ರೆ ಬಿದ್ದವನೂ ಅದನ್ನು ನಂಬುತ್ತಾನೆ ಎಂಬುದು ಬೋರ್ದಿಯು ಮಾತಿನ ಅತ್ಯಂತ ಚುಚ್ಚುವ ಭಾಗ.

ಇದನ್ನು ನೋಡಲು ಫ್ರಾನ್ಸ್‌ಗೆ ಹೋಗಬೇಕಾಗಿಲ್ಲ. ಯಾವುದೇ ಪಟ್ಟಣದ ಸ್ಟೇಷನರಿ ಅಂಗಡಿಗೆ ಶಾಲೆ ಬಿಟ್ಟ ಹೊತ್ತಿನಲ್ಲಿ ಹೋದರೆ ಸಾಕು. ನಾಲ್ಕನೇ ತರಗತಿಯ ಮಗುವಿಗೆ ಸೌರವ್ಯೂಹದ ಮಾದರಿ ಮಾಡಿ ತರಲು ಹೇಳಿರುತ್ತಾರೆ. ಥರ್ಮೋಕೋಲ್ ಉಂಡೆಗಳು, ಬಣ್ಣ, ಅಂಟು, ಚಾರ್ಟ್, ಪ್ರಿಂಟ್ ಹಾಕಿಸಿದ ಚಿತ್ರ. ಹಲವು ಅಂಗಡಿಗಳಲ್ಲಿ ಮಾಡಿಟ್ಟ ಮಾದರಿಯೇ ಸಿಗುತ್ತದೆ. ರಾತ್ರಿ ಅಪ್ಪ ಕತ್ತರಿಸುತ್ತಾನೆ, ಅಮ್ಮ ಅಂಟಿಸುತ್ತಾಳೆ, ಮಗು ನಿದ್ದೆ ಹೋಗಿರುತ್ತದೆ. ಬೆಳಿಗ್ಗೆ ಅಂಕ ಮಗುವಿಗೆ. ಡೈರಿಯಲ್ಲಿ ಶಿಕ್ಷಕರು ಇಂಗ್ಲಿಷ್‌ನಲ್ಲಿ ಬರೆದ ಸೂಚನೆಯನ್ನು ಪೋಷಕರು ಓದಿ ಸಹಿ ಹಾಕಬೇಕು. ಓದಲು ಬಾರದ ಪೋಷಕರ ಮಗು ಎರಡು ದಿನ ಸಹಿ ತಪ್ಪಿಸಿಕೊಂಡರೆ ‘ಮನೆಯಲ್ಲಿ ಗಮನ ಕೊಡುವುದಿಲ್ಲ’ ಎಂಬ ಷರಾ ಬೀಳುತ್ತದೆ. ಮನೆಯಲ್ಲಿ ಗಮನ ಕೊಡದೆ ಸಂಬಳದ ಮುಕ್ಕಾಲು ಪಾಲನ್ನು ಶುಲ್ಕಕ್ಕೆ ಸುರಿಯುವ ತಾಯಿ ತಂದೆ ಎಲ್ಲಾದರೂ ಇರುತ್ತಾರೆಯೇ?

ಇಂಗ್ಲೆಂಡಿನ ಬೇಸಿಲ್ ಬರ್ನ್‌ಸ್ಟೈನ್ ಮಾತಿನ ಕಡೆಯಿಂದ ಇದೇ ವಿಷಯಕ್ಕೆ ಬಂದರು. ಅವರು ಚರ್ಚಿಸಿದ ಒಂದು ಉದಾಹರಣೆ ಹೀಗಿದೆ. ಐದು ವರ್ಷದ ಮಕ್ಕಳ ಮುಂದೆ ನಾಲ್ಕು ಚಿತ್ರ ಇಟ್ಟು ಕಥೆ ಹೇಳಿಸಿದರು: ಹುಡುಗರು ಚೆಂಡಾಡುತ್ತಿದ್ದಾರೆ, ಚೆಂಡು ಕಿಟಕಿಗೆ ಬೀಳುತ್ತದೆ, ಮನೆಯವರು ಹೊರಬಂದು ಗದರುತ್ತಾರೆ. ಮಧ್ಯಮ ವರ್ಗದ ಮಕ್ಕಳು ‘ಮೂವರು ಹುಡುಗರು ಫುಟ್‌ಬಾಲ್ ಆಡುತ್ತಿದ್ದಾರೆ, ಒಬ್ಬ ಒದ್ದ ಚೆಂಡು ಕಿಟಕಿಗೆ ಹೋಯಿತು’ ಎಂಬಂತೆ, ಚಿತ್ರ ನೋಡದವರಿಗೂ ತಿಳಿಯುವ ಹಾಗೆ ಹೇಳಿದರು. ಕಾರ್ಮಿಕ ಕುಟುಂಬಗಳ ಮಕ್ಕಳು ‘ಅವರು ಆಡುತ್ತಿದ್ದಾರೆ, ಅವನು ಒದ್ದ, ಅದು ಅಲ್ಲಿಗೆ ಹೋಯಿತು’ ಎಂಬ ಧಾಟಿಯಲ್ಲಿ ಹೇಳಿದರು. ಎದುರಿಗಿರುವವರು ಚಿತ್ರವನ್ನು ನೋಡುತ್ತಲೇ ಇದ್ದಾರಲ್ಲ, ಮತ್ತೆ ಬಿಡಿಸಿ ಹೇಳುವುದೇಕೆ? ತರ್ಕವೇನೂ ತಪ್ಪಿಲ್ಲ. ಆದರೆ ಶಾಲೆಯ ಉತ್ತರ ಪತ್ರಿಕೆ ಬಯಸುವುದು ಮೊದಲನೆಯ ಬಗೆಯ ಮಾತನ್ನು. ನಮ್ಮಲ್ಲಿ ಇದರ ಮೇಲೆ ಇನ್ನೊಂದು ಪದರವಿದೆ. ರಾಯಚೂರಿನ ತಾಂಡಾದಲ್ಲಿ ಲಂಬಾಣಿ ಮಾತಾಡುವ ಮಗು ಕನ್ನಡ ಮಾಧ್ಯಮದ ಶಾಲೆಗೆ ಬಂದಾಗಲೂ ಪರಭಾಷೆಯ ಶಾಲೆಗೇ ಬಂದಿರುತ್ತದೆ. ಕನ್ನಡ ಮನೆಮಾತಿನ ಮಗುವಿಗೂ ಪಠ್ಯಪುಸ್ತಕದ ಕನ್ನಡ ಅರ್ಧ ಪರಕೀಯ. ಮಾತೃಭಾಷಾ ಮಾಧ್ಯಮದ ಪರವಾಗಿ ಭಾಷಣ ಮಾಡುವ ನಾವು ಈ ಮಕ್ಕಳ ಮಾತೃಭಾಷೆ ಯಾವುದೆಂದು ಕೇಳುವುದು ಕಡಿಮೆ.

ಮಾಧ್ಯಮದ ಜಗಳವನ್ನು ಇಲ್ಲಿ ಚುಟುಕಾಗಿ ಮುಗಿಸುತ್ತೇನೆ, ಏಕೆಂದರೆ ಅದು ಅಗತ್ಯಕ್ಕಿಂತ ಹೆಚ್ಚು ಜಾಗವನ್ನು ಈಗಾಗಲೇ ತಿಂದಿದೆ. ಪ್ರಾಥಮಿಕ ಹಂತದಲ್ಲಿ ಕನ್ನಡ ಅಥವಾ ಮಾತೃಭಾಷೆ ಕಡ್ಡಾಯ ಎಂಬ 1994ರ ಆದೇಶ 2014ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಬಿತ್ತು. 2019ರಲ್ಲಿ ಸರ್ಕಾರವೇ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ತೆರೆಯಿತು. ದಲಿತ ಹಾಗೂ ಹಿಂದುಳಿದ ಸಮುದಾಯಗಳ ಹಲವು ಚಿಂತಕರು ಇಂಗ್ಲಿಷ್ ಕೇಳಿದ್ದು ನ್ಯಾಯವಾಗಿಯೇ ಇತ್ತು. ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಕಳುಹಿಸಿ ಊರಿನವರ ಮಕ್ಕಳಿಗೆ ಕನ್ನಡ ಬೋಧಿಸುವವರ ಮುಂದೆ ಬೇರೆ ಏನು ಕೇಳಬೇಕಿತ್ತು? ಆದರೆ ಬೋರ್ದಿಯು ಹೇಳುವ ಬಂಡವಾಳಕ್ಕೆ ಬೆಲೆ ಇರುವುದು ಅದು ಕೆಲವರ ಹತ್ತಿರ ಮಾತ್ರ ಇರುವವರೆಗೆ. ಇಂಗ್ಲಿಷ್ ಮಾಧ್ಯಮ ಹಳ್ಳಿ ಹಳ್ಳಿಗೆ ಬಂದ ಹೊತ್ತಿಗೆ ಉಳ್ಳವರು ಸಿಬಿಎಸ್‌ಇಗೆ, ಅಲ್ಲಿಂದ ಐಸಿಎಸ್‌ಇಗೆ, ಬೆಂಗಳೂರಿನಲ್ಲಾದರೆ ‘ಇಂಟರ್‌ನ್ಯಾಷನಲ್’ ಎಂದು ಬೋರ್ಡು ಹಾಕಿಕೊಂಡ ಶಾಲೆಗಳಿಗೆ ಜಾರಿಕೊಂಡಿದ್ದರು. ಪದವಿಗಳ ವಿಷಯದಲ್ಲೂ ಇದೇ ನಡೆದಿದೆ. ಎಸ್ಸೆಸ್ಸೆಲ್ಸಿ ಸಾಕಾಗುತ್ತಿದ್ದ ಕೆಲಸಕ್ಕೆ ಈಗ ಪದವೀಧರರು ಸಾಲು ನಿಲ್ಲುತ್ತಾರೆ.

ಅಮೆರಿಕದಲ್ಲಿ 1966ರಲ್ಲಿ ಪ್ರಕಟವಾದ ಜೇಮ್ಸ್ ಕೋಲ್‌ಮನ್ ವರದಿಯನ್ನು ನಮ್ಮ ನೀತಿ ನಿರೂಪಕರು ಇನ್ನೊಮ್ಮೆ ಓದಬೇಕು. ಸುಮಾರು ನಾಲ್ಕು ಸಾವಿರ ಶಾಲೆಗಳ ಆರು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ ಅಧ್ಯಯನ ಅದು. ಕಪ್ಪು ಮಕ್ಕಳ ಶಾಲೆಗಳಲ್ಲಿ ಸೌಲಭ್ಯ ಕಡಿಮೆ, ಅದಕ್ಕೇ ಅವರು ಹಿಂದಿದ್ದಾರೆ ಎಂಬ ಉತ್ತರವನ್ನು ಎಲ್ಲರೂ ನಿರೀಕ್ಷಿಸಿದ್ದರು. ಬಂದ ಉತ್ತರ ಬೇರೆಯೇ ಆಗಿತ್ತು. ಕಲಿಕೆಯ ವ್ಯತ್ಯಾಸವನ್ನು ವಿವರಿಸುವಲ್ಲಿ ಕಟ್ಟಡ, ಪ್ರಯೋಗಾಲಯಗಳಿಗಿಂತ ಕುಟುಂಬದ ಹಿನ್ನೆಲೆಯ ಪಾಲು ದೊಡ್ಡದು. ಶಾಲೆಗೆ ಸಂಬಂಧಿಸಿದ ಅಂಶಗಳ ಪೈಕಿ ಸಹಪಾಠಿಗಳು ಯಾರು ಎಂಬುದಕ್ಕೆ ತೂಕ ಹೆಚ್ಚು. ಸೌಲಭ್ಯ ಬೇಡ ಎಂದು ಇದರ ಅರ್ಥವಲ್ಲ. ಶೌಚಾಲಯವಿಲ್ಲದ ಶಾಲೆಯಲ್ಲಿ ಹೆಣ್ಣುಮಕ್ಕಳು ಏನು ಅನುಭವಿಸುತ್ತಾರೆ ಎಂಬುದು ಗೊತ್ತಿದ್ದವರು ಯಾರೂ ಹಾಗೆ ಹೇಳಲಾರರು. ಆದರೆ ಮನೆಯಲ್ಲಿ ಸಿಗದ್ದನ್ನು ಮಗು ಪಕ್ಕದ ಬೆಂಚಿನಿಂದ ಪಡೆಯುತ್ತದೆ. ಗಣಿತದ ಹೊಸ ದಾರಿ, ಯಾವುದೋ ಪುಸ್ತಕದ ಹೆಸರು, ನವೋದಯ ಪರೀಕ್ಷೆಗೆ ಅರ್ಜಿ ಕರೆದಿದ್ದಾರೆ ಎಂಬ ಸುದ್ದಿ, ಇವೆಲ್ಲ ಗೆಳೆಯರ ಮೂಲಕ ಬರುವಂಥವು. ಎಲ್ಲ ಗೆಳೆಯರ ಮನೆಯಲ್ಲೂ ಅದೇ ಕೊರತೆ ಇದ್ದರೆ ಬರುವುದಾದರೂ ಎಲ್ಲಿಂದ?

ಈಗ ಕರ್ನಾಟಕದ ಯಾವುದೇ ತಾಲ್ಲೂಕು ಕೇಂದ್ರವನ್ನು ತೆಗೆದುಕೊಳ್ಳಿ. ಬೆಳಿಗ್ಗೆ ಹಳದಿ ವ್ಯಾನುಗಳು ಸುತ್ತಲಿನ ಹಳ್ಳಿಗಳನ್ನು ಸುತ್ತಿ, ಶುಲ್ಕ ಕಟ್ಟಬಲ್ಲವರ ಮಕ್ಕಳನ್ನು ಹೆಕ್ಕಿ ತರುತ್ತವೆ. ಆ ವ್ಯಾನಿನಲ್ಲೂ ಶ್ರೇಣಿಯಿದೆ. ಇಪ್ಪತ್ತು ಸಾವಿರದ ಶಾಲೆ ಬೇರೆ, ಎಂಬತ್ತು ಸಾವಿರದ ಶಾಲೆ ಬೇರೆ. ಇತ್ತ ಸರ್ಕಾರವೂ ಹೆಕ್ಕುವ ಕೆಲಸದಲ್ಲಿ ಹಿಂದೆ ಬಿದ್ದಿಲ್ಲ. ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆದರ್ಶ ವಿದ್ಯಾಲಯ, ಎಲ್ಲಕ್ಕೂ ಆರನೇ ತರಗತಿಗೆ ಪ್ರವೇಶ ಪರೀಕ್ಷೆ. ಊರಿನ ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿ ಮುಗಿಸಿದ ಚುರುಕು ಮಕ್ಕಳು ಹೀಗೆ ಆಯ್ದುಹೋದ ಮೇಲೆ ಉಳಿದವರ ಮುಂದೆ ಅತಿಥಿ ಶಿಕ್ಷಕರು ನಿಲ್ಲುತ್ತಾರೆ. ವಸತಿ ಶಾಲೆಗಳಿಂದ ಎಷ್ಟೋ ಬಡ ಮಕ್ಕಳ ಬದುಕು ನೇರ್ಪಾಗಿದೆ ಎಂಬುದನ್ನು ಬಲ್ಲೆ. ಅವನ್ನು ಮುಚ್ಚಿ ಎಂದು ನಾನು ಹೇಳುವುದಿಲ್ಲ. ಆದರೆ ಹತ್ತು ವರ್ಷದ ಮಕ್ಕಳನ್ನು ಜರಡಿ ಹಿಡಿದ ಮೇಲೆ, ಕೆಳಗೆ ಉಳಿದ ಶಾಲೆಯ ‘ಗುಣಮಟ್ಟ’ ಕುಸಿಯಿತು ಎಂದು ಅಲ್ಲಿನ ಮುಖ್ಯ ಶಿಕ್ಷಕರಿಗೆ ನೋಟಿಸ್ ಕೊಡುವುದು ಯಾವ ನ್ಯಾಯ?

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಡೆಯುವುದೂ ಇದೇ ನಾಟಕ. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ, ಕೃಪಾಂಕವನ್ನು ಹೆಚ್ಚಿಸಿದ ಮೇಲೂ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಉಡುಪಿ ಶೇ 94ರೊಂದಿಗೆ ಮೊದಲು, ಯಾದಗಿರಿ ಶೇ 50.59ರೊಂದಿಗೆ ಕೊನೆ. ಪತ್ರಿಕೆಗಳಲ್ಲಿ ಜಿಲ್ಲೆಗಳ ಪಟ್ಟಿ ಓಟದ ಪಂದ್ಯದ ಫಲಿತಾಂಶದಂತೆ ಅಚ್ಚಾಗುತ್ತದೆ. ಕರಾವಳಿಯಲ್ಲಿ ಬಾಸೆಲ್ ಮಿಷನ್ 1830ರ ದಶಕದಿಂದಲೇ ಶಾಲೆ ತೆರೆಯುತ್ತ ಬಂದದ್ದು, ಊರೂರಿನ ಅನುದಾನಿತ ಶಾಲೆಗಳು, ಹೊರನಾಡಿನ ಹೋಟೆಲು, ಬ್ಯಾಂಕುಗಳಿಂದ ಮನೆಗೆ ಬಂದ ಹಣ ಇವು ಯಾವುವೂ ಪಟ್ಟಿಯಲ್ಲಿ ಕಾಣುವುದಿಲ್ಲ. ನಿಜಾಮರ ಆಡಳಿತದಲ್ಲಿ ಕನ್ನಡ ಶಾಲೆಗಳಿಲ್ಲದೆ ಕಳೆದ ದಶಕಗಳು, ಹತ್ತಿ ಬಿಡಿಸುವ ದಿನಗಳಲ್ಲಿ ಖಾಲಿಯಾಗುವ ತರಗತಿಗಳು, ಅಪ್ಪ ಅಮ್ಮನೊಡನೆ ಗುಳೆ ಹೋಗುವ ಮಕ್ಕಳು, ವರ್ಷಗಟ್ಟಲೆ ತುಂಬದ ಶಿಕ್ಷಕರ ಹುದ್ದೆಗಳು ಇವೂ ಕಾಣುವುದಿಲ್ಲ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನ ಸಿಕ್ಕಿರುವುದು ಈ ಇತಿಹಾಸದ ಕಾರಣಕ್ಕೇ; ಫಲಿತಾಂಶದ ದಿನ ಮಾತ್ರ ಇತಿಹಾಸ ಮರೆತುಹೋಗಿ ‘ಶಿಕ್ಷಕರ ನಿರ್ಲಕ್ಷ್ಯ’ ನೆನಪಾಗುತ್ತದೆ.

ಬೇರೆ ಬೇರೆ ಹಿನ್ನೆಲೆಯ ಮಕ್ಕಳನ್ನು ಒಂದೇ ಕಡೆ ಕೂರಿಸುವ ಮಾತನ್ನು ಈ ದೇಶ ಆಡಲೇ ಇಲ್ಲವೆಂದಲ್ಲ. 1964–66ರ ಕೊಠಾರಿ ಆಯೋಗ ನೆರೆಹೊರೆಯ ಸಮಾನ ಶಾಲೆಯನ್ನು ಶಿಫಾರಸು ಮಾಡಿತ್ತು: ಒಂದು ಬಡಾವಣೆಯ ಮಕ್ಕಳೆಲ್ಲ, ಜಾತಿ, ಆದಾಯ ನೋಡದೆ, ಅಲ್ಲಿನ ಒಂದೇ ಶಾಲೆಗೆ. 1968ರ ರಾಷ್ಟ್ರೀಯ ನೀತಿಯಲ್ಲಿ ಅದು ಜಾಗ ಪಡೆಯಿತು, ನೆಲದ ಮೇಲೆ ಪಡೆಯಲಿಲ್ಲ. 2015ರಲ್ಲಿ ಅಲಹಾಬಾದ್ ಹೈಕೋರ್ಟ್, ಸರ್ಕಾರದಿಂದ ಸಂಬಳ ಪಡೆಯುವವರ ಮಕ್ಕಳು ಸರ್ಕಾರಿ ಶಾಲೆಗೇ ಹೋಗಬೇಕು ಎಂದು ಉತ್ತರ ಪ್ರದೇಶ ಸರ್ಕಾರಕ್ಕೆ ಆದೇಶಿಸಿದಾಗ ದೇಶವೆಲ್ಲ ಚಪ್ಪಾಳೆ ತಟ್ಟಿತು. ಜಾರಿ ಮಾತ್ರ ಆಗಲಿಲ್ಲ.

ಇದಕ್ಕೆ ಒಂದೇ ಒಂದು ಅಪವಾದ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) 12(1)(ಸಿ) ಕಲಮು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಕಾಯ್ದೆ, ಅನುದಾನರಹಿತ ಖಾಸಗಿ ಶಾಲೆಗಳು ಪ್ರವೇಶ ಹಂತದ ಶೇ 25ರಷ್ಟು ಸೀಟುಗಳನ್ನು ನೆರೆಹೊರೆಯ ಬಡ ಹಾಗೂ ಅವಕಾಶವಂಚಿತ ಮಕ್ಕಳಿಗೆ ಕೊಡಬೇಕು ಎಂದಿತು. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಪಸಂಖ್ಯಾತರ ಅನುದಾನರಹಿತ ಶಾಲೆಗಳಿಗೆ ವಿನಾಯಿತಿ ಕೊಟ್ಟಿತು. ಆ ವಿನಾಯಿತಿ ಸಿಕ್ಕಿದ್ದೇ ತಡ, ಅಲ್ಪಸಂಖ್ಯಾತ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವ ಉತ್ಸಾಹ ಕೆಲವು ಆಡಳಿತ ಮಂಡಳಿಗಳಲ್ಲಿ ದಿಢೀರನೆ ಹುಟ್ಟಿತು. ಕರ್ನಾಟಕದಲ್ಲಿ ಹೆತ್ತವರು ಸೈಬರ್ ಕೇಂದ್ರಗಳಲ್ಲಿ ಸಾಲು ನಿಂತರು, ಆನ್‌ಲೈನ್ ಲಾಟರಿಯಲ್ಲಿ ಮಗುವಿನ ಹೆಸರು ಬಂತೇ ಎಂದು ಕಾದರು. ಒಂದು ಹಂತದಲ್ಲಿ ವರ್ಷಕ್ಕೆ ಲಕ್ಷಕ್ಕೂ ಹೆಚ್ಚು ಮಕ್ಕಳು ಈ ದಾರಿಯಲ್ಲಿ ಖಾಸಗಿ ಶಾಲೆ ಸೇರುತ್ತಿದ್ದರು.

2019ರ ಆರಂಭದಲ್ಲಿ ರಾಜ್ಯ ಸರ್ಕಾರ ನಿಯಮ ತಿದ್ದಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆ ಆರ್‌ಟಿಇ ಸೀಟು ಕೊಡಬೇಕಾಗಿಲ್ಲ. ಕರ್ನಾಟಕದಲ್ಲಿ ಸರ್ಕಾರಿ ಶಾಲೆ ಇಲ್ಲದ ಊರು ಎಷ್ಟಿದೆ? ಹೈಕೋರ್ಟ್ ಅದೇ ವರ್ಷ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಲಕ್ಷ ದಾಟುತ್ತಿದ್ದ ಸಂಖ್ಯೆ ಕೆಲವೇ ಸಾವಿರಕ್ಕೆ ಕುಸಿಯಿತು. ಗದ್ದಲವಿಲ್ಲದೆ ಬಾಗಿಲು ಮುಚ್ಚಿತು. ಇಂಥದ್ದೇ ತಿದ್ದುಪಡಿಯನ್ನು ಮಹಾರಾಷ್ಟ್ರ 2024ರಲ್ಲಿ ತಂದಾಗ ಬಾಂಬೆ ಹೈಕೋರ್ಟ್ ಅದನ್ನು ರದ್ದುಪಡಿಸಿತು, ಸುಪ್ರೀಂ ಕೋರ್ಟ್ ಆ ತೀರ್ಪಿನಲ್ಲಿ ಕೈಹಾಕಲಿಲ್ಲ. ಒಂದೇ ಕಾಯ್ದೆ, ಗಡಿಯ ಆಚೆ ಈಚೆ ಎರಡು ಅರ್ಥ.

ಸರ್ಕಾರದ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಖಾಸಗಿ ಶಾಲೆಗೆ ಮಗುವೊಂದಕ್ಕೆ ವರ್ಷಕ್ಕೆ ಗರಿಷ್ಠ 16,000 ರೂಪಾಯಿಯವರೆಗೆ ಕೊಡುತ್ತಿದ್ದ ಸರ್ಕಾರ ತನ್ನದೇ ಶಾಲೆಗಳು ಬರಿದಾಗುವುದಕ್ಕೆ ತಾನೇ ಹಣ ಕೊಟ್ಟಂತಾಗುತ್ತಿತ್ತು. ಎಡಪಂಥೀಯ ಸಂಘಟನೆಗಳೂ ಸಮಾನ ಶಾಲೆಯ ಪ್ರತಿಪಾದಕರೂ ಇದನ್ನು ಮೊದಲಿನಿಂದ ಹೇಳುತ್ತಿದ್ದರು. ಯೋಜನೆಯಲ್ಲಿ ಬೇರೆ ತೂತುಗಳೂ ಇದ್ದವು. ಸೀಟು ಎಂಟನೇ ತರಗತಿಯವರೆಗೆ ಮಾತ್ರ. ಒಂಬತ್ತಕ್ಕೆ ಬಂದಾಗ ಪೂರ್ತಿ ಶುಲ್ಕ ಕಟ್ಟಿ, ಇಲ್ಲವೇ ಟಿ.ಸಿ. ತೆಗೆದುಕೊಳ್ಳಿ ಎಂಬ ಮಾತನ್ನು ಎಷ್ಟೋ ತಂದೆ ತಾಯಿ ಕೇಳಿಸಿಕೊಂಡರು. ಪ್ರವಾಸ, ಸಮವಸ್ತ್ರ, ವಾರ್ಷಿಕೋತ್ಸವದ ವೇಷ, ಎಲ್ಲಕ್ಕೂ ಬೇರೆ ಹಣ. ‘ಆರ್‌ಟಿಇ ಮಕ್ಕಳು’ ಎಂಬುದೇ ಒಂದು ಜಾತಿಯಾಯಿತು. ಇಷ್ಟೆಲ್ಲ ಒಪ್ಪಿಕೊಂಡೂ ಹೇಳುತ್ತೇನೆ: ಸರ್ಕಾರ ಹಣದ ಲೆಕ್ಕವನ್ನಷ್ಟೇ ಹಾಕಿತು. ಆ ಕಲಮು ಬಡ ಮಗುವಿಗೆ ಕೊಟ್ಟ ಸೀಟಿನ ಜೊತೆಗೆ, ಶ್ರೀಮಂತ ಮಗುವಿಗೆ ಕೊಟ್ಟದ್ದೇನು ಎಂಬ ಲೆಕ್ಕ ಯಾರ ಕಡತದಲ್ಲೂ ಇರಲಿಲ್ಲ.

ಅದನ್ನು ಅಳೆದು ತೋರಿಸಿದ್ದು ಅರ್ಥಶಾಸ್ತ್ರಜ್ಞ ಗೌತಮ್ ರಾವ್. ದೆಹಲಿಯಲ್ಲಿ ರಿಯಾಯಿತಿ ದರದ ಸರ್ಕಾರಿ ಜಮೀನು ಪಡೆದ ಖಾಸಗಿ ಶಾಲೆಗಳು 2007ರಿಂದಲೇ ಬಡ ಮಕ್ಕಳನ್ನು ಸೇರಿಸಿಕೊಳ್ಳಬೇಕಾಗಿ ಬಂದಿತ್ತು. ಹಾಗಾಗಿ ಒಂದೇ ಶಾಲೆಯಲ್ಲಿ ಕಿರಿಯ ತರಗತಿಗಳಲ್ಲಿ ಬಡ ಸಹಪಾಠಿಗಳಿದ್ದರು, ಹಿರಿಯ ತರಗತಿಗಳಲ್ಲಿ ಇರಲಿಲ್ಲ. ಈ ಎರಡು ಗುಂಪುಗಳ ಶ್ರೀಮಂತ ಮಕ್ಕಳನ್ನು ಅವರು ಹೋಲಿಸಿ ನೋಡಿದರು. ಒಂದು ರಿಲೇ ಓಟ ಏರ್ಪಡಿಸಿ, ಬಹುಮಾನದ ಹಣ ಇಟ್ಟು, ಜೊತೆಗಾರರನ್ನು ನೀವೇ ಆರಿಸಿಕೊಳ್ಳಿ ಎಂದರು. ಬಡ ಸಹಪಾಠಿಗಳೊಡನೆ ಓದಿದ ಮಕ್ಕಳು, ಚೆನ್ನಾಗಿ ಓಡುವವನು ಬಡವನಾಗಿದ್ದರೂ ಅವನನ್ನು ಆರಿಸಿಕೊಳ್ಳಲು ಹಿಂಜರಿದದ್ದು ಕಡಿಮೆ. ತಾವು ಸೋತರೂ ಚಿಂತೆಯಿಲ್ಲ, ಬಡ ಹುಡುಗ ಬೇಡ ಎಂಬ ಧೋರಣೆ ಮತ್ತೊಂದು ಗುಂಪಿನಲ್ಲಿ ಹೆಚ್ಚು ಕಂಡಿತು. ಕೈಯಲ್ಲಿದ್ದುದನ್ನು ಹಂಚಿಕೊಳ್ಳುವ ಗುಣವೂ ಬೆರೆತು ಓದಿದವರಲ್ಲಿ ಹೆಚ್ಚಿತ್ತು. ಹೆತ್ತವರು ಹೆದರಿದಂತೆ ಒಟ್ಟಾರೆ ಕಲಿಕೆ ನೆಲಕಚ್ಚಲಿಲ್ಲ. ಇಂಗ್ಲಿಷ್‌ನಲ್ಲಿ ಮಾತ್ರ ತುಸು ಇಳಿಕೆಯಿತ್ತು. ಬೈಗುಳ ಸ್ವಲ್ಪ ಹೆಚ್ಚಾಯಿತಂತೆ. ಅಷ್ಟನ್ನು ಸಹಿಸಬಹುದು ಎಂದು ನನಗೆ ಅನ್ನಿಸುತ್ತದೆ.

ಕೆಳಗೆ ಕೂರಿಸಲ್ಪಟ್ಟ ಮಗುವಿನ ಮೇಲೆ ತರಗತಿ ಮಾಡುವ ಪರಿಣಾಮವನ್ನು ತೋರಿಸಿದ ಇನ್ನೊಂದು ಅಧ್ಯಯನ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಅವರದು. ಉತ್ತರ ಪ್ರದೇಶದ ಹಳ್ಳಿಗಳ ಆರು, ಏಳನೇ ತರಗತಿಯ ಹುಡುಗರಿಗೆ, ಸುತ್ತುಬಳಸಿನ ದಾರಿಯಲ್ಲಿ ಹೊರಬಾಗಿಲು ಹುಡುಕುವ ಒಗಟುಗಳನ್ನು ಕಾಗದದ ಮೇಲೆ ಕೊಟ್ಟು, ಬಿಡಿಸಿದ್ದಕ್ಕೆ ಹಣ ಕೊಟ್ಟರು. ಯಾರ ಜಾತಿಯನ್ನೂ ಹೇಳದಿದ್ದಾಗ ದಲಿತ ಹುಡುಗರೂ ಮೇಲಿನ ಜಾತಿಯ ಹುಡುಗರೂ ಸರಿಸಮನಾಗಿ ಬಿಡಿಸಿದರು. ಎಲ್ಲರೆದುರು ಹೆಸರು, ಜಾತಿ ಕೂಗಿ ಹೇಳಿದ ಮೇಲೆ ದಲಿತ ಹುಡುಗರ ಸಾಧನೆ ಗಮನಾರ್ಹವಾಗಿ ಇಳಿಯಿತು. ಒಗಟು ಅದೇ, ಹುಡುಗರು ಅಂಥವರೇ, ಅರ್ಧ ಗಂಟೆಯ ಮಾತು. ದಿನವೂ ಜಾತಿಯ ನೆನಪು ಮಾಡಿಸಿಕೊಳ್ಳುತ್ತ ಹತ್ತು ವರ್ಷ ಕೂತರೆ ಏನಾಗಬೇಡ? 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ್ದು ಬಯಲಾಗಿ ಬಂಧನಗಳಾದವು. ಆ ಮಕ್ಕಳಿಗೆ ಊಟ, ವಸತಿ, ಪುಸ್ತಕ ಎಲ್ಲವನ್ನೂ ಸರ್ಕಾರ ಪುಕ್ಕಟೆ ಕೊಟ್ಟಿತ್ತು.

2025ರ ಜೂನ್‌ನಲ್ಲಿ ಚಾಮರಾಜನಗರದ ಹೊಮ್ಮ ಗ್ರಾಮದಿಂದ ಸುದ್ದಿ ಬಂತು. ಅಲ್ಲಿನ ಸರ್ಕಾರಿ ಶಾಲೆಯ ಬಿಸಿಯೂಟಕ್ಕೆ ದಲಿತ ಮಹಿಳೆ ಮುಖ್ಯ ಅಡುಗೆಯವರಾದ ಮೇಲೆ ಪೋಷಕರು ಮಕ್ಕಳನ್ನು ಶಾಲೆ ಬಿಡಿಸಿದರು. ಇಪ್ಪತ್ತೆರಡು ಮಕ್ಕಳ ಶಾಲೆ ಖಾಲಿಯಾಗುವ ಹಂತಕ್ಕೆ ಬಂತು. ಅಧಿಕಾರಿಗಳು ಓಡಿಬಂದರು, ಸಭೆ ನಡೆಯಿತು. ಶಾಲೆಯಲ್ಲಿ ಪಾಠ ಸರಿಯಿಲ್ಲ, ಅದಕ್ಕೇ ಬಿಡಿಸಿದ್ದು ಎಂಬ ಮಾತೂ ಕೇಳಿಬಂತು. ಗುಣಮಟ್ಟ ಎಂಬ ಕಾರಣದ ಅನುಕೂಲವೇ ಇದು: ಅದರ ಹಿಂದೆ ನಿಜವಾದ ಕಾಳಜಿಯೂ ನಿಲ್ಲಬಹುದು, ಜಾತಿಯೂ ನಿಲ್ಲಬಹುದು, ನಿಂತದ್ದು ಯಾವುದೆಂದು ಹೊರಗಿನಿಂದ ತಿಳಿಯುವುದಿಲ್ಲ. ನಗರದ ಗೇಟೆಡ್ ಬಡಾವಣೆಯ ತಂದೆ ತಾಯಿ ‘ಒಳ್ಳೆಯ ಪರಿಸರ’ಕ್ಕಾಗಿ ಶಾಲೆ ಹುಡುಕುವಾಗ ಯಾವುದನ್ನು ಹುಡುಕುತ್ತಿರುತ್ತಾರೆ ಎಂದು ಅವರಿಗೇ ಗೊತ್ತಿರುತ್ತದೆ ಎನ್ನುವಂತಿಲ್ಲ.

ಹಾಗೆಂದು ಶಾಲೆ ಇರುವ ಅಸಮಾನತೆಯನ್ನು ಮತ್ತೆ ಮತ್ತೆ ಹೆರುವ ಯಂತ್ರ ಮಾತ್ರ ಎಂದು ಕೈಚೆಲ್ಲಿದರೆ ಅದೂ ತಪ್ಪಾಗುತ್ತದೆ. ಬೋರ್ದಿಯು ಸಿದ್ಧಾಂತ ವಿವರಿಸಲು ತಿಣುಕುವ ಒಂದು ಸಂಗತಿ ಕರ್ನಾಟಕದಲ್ಲಿದೆ, ಅದು ಹಾಸ್ಟೆಲು. ಇಪ್ಪತ್ತನೇ ಶತಮಾನದ ಆರಂಭದಿಂದಲೇ ಲಿಂಗಾಯತ, ಒಕ್ಕಲಿಗ ಸಂಘಟನೆಗಳೂ ಮಠಗಳೂ ಹಳ್ಳಿಯ ಮಕ್ಕಳಿಗೆ ಪಟ್ಟಣದಲ್ಲಿ ಉಚಿತ ಊಟ, ವಸತಿ ಕೊಟ್ಟವು. 1906ರಲ್ಲಿ ಒಕ್ಕಲಿಗರ ಸಂಘ, 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್ಇ ಶಿಕ್ಷಣ ಸಂಸ್ಥೆ ಹುಟ್ಟಿದ್ದು ಈ ಹುರುಪಿನಲ್ಲೇ. ದೇವರಾಜ ಅರಸು ಅವರ ಕಾಲದಲ್ಲಿ ಹಿಂದುಳಿದ, ದಲಿತ ವಿದ್ಯಾರ್ಥಿಗಳ ಸರ್ಕಾರಿ ಹಾಸ್ಟೆಲುಗಳು ಬೆಳೆದವು. ಒಂದೇ ಕೋಣೆಯಲ್ಲಿ ಚಾಪೆ ಹಾಸಿಕೊಂಡ ಹುಡುಗರು ಪುಸ್ತಕ ಹಂಚಿಕೊಂಡರು, ಜಗಳವಾಡಿದರು, ಲೋಹಿಯಾ ಅವರನ್ನೂ ಅಂಬೇಡ್ಕರ್ ಅವರನ್ನೂ ಓದಿದರು. 1973ರಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ‘ಬೂಸಾ’ ಎಂಬ ಸಚಿವ ಬಿ. ಬಸವಲಿಂಗಪ್ಪ ಅವರ ಮಾತಿನ ಮೇಲೆ ಗಲಭೆಯೆದ್ದು ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದಾಗ, ಈ ಹಾಸ್ಟೆಲುಗಳ ಹುಡುಗರೇ ಒಟ್ಟಾದರು. ದಲಿತ ಚಳವಳಿಗೂ ದಲಿತ ಸಾಹಿತ್ಯಕ್ಕೂ ಕಸುವು ಬಂದದ್ದು ಅಲ್ಲಿಂದ. ಮನೆಯಲ್ಲಿಲ್ಲದ ಬಂಡವಾಳವನ್ನು ಅವರು ಒಬ್ಬರಿಂದೊಬ್ಬರು ಗಳಿಸಿಕೊಂಡರು. ಆದರೆ ಹಾಸ್ಟೆಲಿನಿಂದ ಹೊರಟು ಅವರು ಹೋಗುತ್ತಿದ್ದುದು ಎಲ್ಲ ಜಾತಿಯವರೂ ಓದುತ್ತಿದ್ದ ಸರ್ಕಾರಿ ಕಾಲೇಜಿಗೆ ಎಂಬುದನ್ನು ಮರೆಯಬಾರದು. ಅಂದಿನ ಮೈಸೂರಿನ ಮಹಾರಾಜಾ ಕಾಲೇಜಿನ ತರಗತಿಯಲ್ಲಿ ವಕೀಲರ ಮಗನೂ ಇದ್ದ, ಜೀತದ ಮನೆಯಿಂದ ಬಂದವನೂ ಇದ್ದ. ಇವತ್ತು ವಕೀಲರ ಮಗ ಪಿಯುಸಿಗೇ ಲಕ್ಷಗಟ್ಟಲೆ ಶುಲ್ಕದ, ನೀಟ್ ತರಬೇತಿಯನ್ನೂ ಸೇರಿಸಿ ಮಾರುವ ವಸತಿ ಕಾಲೇಜಿನಲ್ಲಿರುತ್ತಾನೆ.

ಈಗ ಸರ್ಕಾರದ ಭರವಸೆಯೆಲ್ಲ ಕರ್ನಾಟಕ ಪಬ್ಲಿಕ್ ಶಾಲೆಗಳ ಮೇಲಿದೆ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ, ಎರಡೂ ಮಾಧ್ಯಮ, ಒಳ್ಳೆಯ ಕಟ್ಟಡ. ಇವುಗಳ ಸಂಖ್ಯೆ ಹೆಚ್ಚಿಸುವ ಯೋಜನೆಗೆ ವಿರೋಧವೂ ಇದೆ. ಸುತ್ತಲಿನ ಸಣ್ಣ ಶಾಲೆಗಳು ಮುಚ್ಚಿಹೋಗುತ್ತವೆ ಎಂಬ ವಿದ್ಯಾರ್ಥಿ ಸಂಘಟನೆಗಳ ಆತಂಕ ಉಡಾಫೆ ಮಾಡುವಂಥದ್ದಲ್ಲ. ಏಳು ಮಕ್ಕಳ ಶಾಲೆಯನ್ನು ಉಳಿಸಿಕೊಂಡರೆ ಅಲ್ಲಿ ಕೂಲಿಯವರ ಮಕ್ಕಳಷ್ಟೇ ಉಳಿಯುತ್ತಾರೆ. ಮುಚ್ಚಿದರೆ ಮೂರು ಕಿಲೋಮೀಟರ್ ದೂರಕ್ಕೆ ಆ ಮಕ್ಕಳೇ, ಅದರಲ್ಲೂ ಹೆಣ್ಣುಮಕ್ಕಳೇ ಮೊದಲು ಶಾಲೆ ಬಿಡುತ್ತಾರೆ. ನನ್ನ ಮಟ್ಟಿಗೆ ತೀರ್ಮಾನ ನಿಂತಿರುವುದು ಎರಡು ಸಣ್ಣ ವಿವರಗಳ ಮೇಲೆ. ತಾಂಡಾ, ಕೇರಿ, ಹಟ್ಟಿಗಳಿಂದ ಆ ಶಾಲೆಗೆ ಸರ್ಕಾರದ ಬಸ್ಸು ಬರುತ್ತದೆಯೇ? ಸೀಟಿಗಿಂತ ಅರ್ಜಿ ಹೆಚ್ಚು ಬಂದ ಕಡೆ ಯಾರನ್ನು ಮೊದಲು ಸೇರಿಸಿಕೊಳ್ಳುತ್ತಾರೆ? ಒಳ್ಳೆಯ ಹೆಸರು ಗಳಿಸಿದ ಸರ್ಕಾರಿ ಶಾಲೆಗಳ ಮುಂದೆ ಜೂನ್‌ನಲ್ಲಿ ಬೈಕು, ಕಾರುಗಳ ಸಾಲು ಈಗಾಗಲೇ ಕಾಣತೊಡಗಿದೆ, ಅದು ಸಂತೋಷದ ವಿಷಯವೇ. ಆದರೆ ಮೊದಲು ಬಂದವರಿಗೆ ಮೊದಲ ಸೀಟು ಎಂಬ ನಿಯಮದಲ್ಲಿ, ಅರ್ಜಿ ಕರೆದ ಸುದ್ದಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೆಳಿಗ್ಗೆಯೇ ಓದಿದವರು ಒಳಗಿರುತ್ತಾರೆ, ಗುಳೆಯಿಂದ ಜೂನ್ ಕೊನೆಗೆ ಮರಳಿದವರು ಹೊರಗಿರುತ್ತಾರೆ. ಖಾಸಗಿ ಶಾಲೆಗಳಿಗೆ ಬೇಡವೆಂದು ಕೈಬಿಟ್ಟ ಶೇ 25ರ ಲಾಟರಿಯನ್ನು ಕನಿಷ್ಠ ತನ್ನದೇ ಈ ಶಾಲೆಗಳ ಎಲ್‌ಕೆಜಿಯಲ್ಲಿ ಸರ್ಕಾರ ಜಾರಿಗೆ ತರಬಹುದು. ಅದಕ್ಕೆ ಕಾಯ್ದೆ ತಿದ್ದಬೇಕಾಗಿಲ್ಲ, ಇಲಾಖೆಯ ಒಂದು ಸುತ್ತೋಲೆ ಸಾಕು.